ಸೋಲುವುದಕ್ಕೆ ಸಂಬಳ

ನಾನು ಈಗ ಬರೆಯಹೊರಟಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಕಟ್ಟಿಕೊಂಡದ್ದು ಎಂದು ಯಾರಾದರೂ ಕೇಳಿದರೆ ಪ್ರಾಮಾಣಿಕ ಉತ್ತರ ಒಂದೇ: ಗೊತ್ತಿಲ್ಲ. ನಾನು ಮೈಸೂರಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದವನು. ಎದುರಿಗಿರುವ ಮೇಜು ನಿಜವಾಗಿ ಇದೆಯೇ ಎಂದು ಅನುಮಾನಿಸುವುದನ್ನು ಅಲ್ಲಿ ಕಲಿಸಿದರು. ಅನುಮಾನಿಸುವುದನ್ನು ನಿಲ್ಲಿಸುವುದು ಹೇಗೆಂದು ಕಲಿಸುವಷ್ಟರಲ್ಲಿ ಪರೀಕ್ಷೆ ಬಂದುಬಿಟ್ಟಿತು. ಅಂದಿನಿಂದ ನನಗೆ ನನ್ನ ನೆನಪಿನ ಮೇಲೂ ನಂಬಿಕೆಯಿಲ್ಲ. ನಿನ್ನೆ ಉಂಡ ಸಾರು ಅವರೆಕಾಳಿನದೋ ಹುರುಳಿಯದೋ ಎಂದು ಹೆಂಡತಿಯ ಹತ್ತಿರ ವಾದ ಮಾಡಿ ಸೋಲುವವನು, ಯುದ್ಧಕಾಲದ ಮಾತನ್ನು ಯಾವ ಬಾಯಲ್ಲಿ ಹೇಳಲಿ?

ಆದರೂ ಒಂದು ಮಾತನ್ನು ಎದೆ ತಟ್ಟಿ ಹೇಳಬಲ್ಲೆ. ಮಂಡ್ಯ ಸೀಮೆಯ ರೈತಮಕ್ಕಳಲ್ಲಿ ಮೊಟ್ಟಮೊದಲ ಟೆನಿಸ್ ಆಟಗಾರನೆಂದರೆ ನಮ್ಮ ಭಾವ! ಎರಡನೆಯವನು ಯಾರು ಎಂದು ಕೇಳಬೇಡಿ. ನಾನೇ. ಮೂರನೆಯವನು ಇರಲಿಲ್ಲ.

ಭಾವ ಅಂದರೆ ನಮ್ಮ ಸೋದರತ್ತೆಯ ಮಗ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಮಂಡ್ಯದ ಹತ್ತಿರ ಹೊಳಲಿನಲ್ಲಿ ಅವರ ಮನೆ, ನಮ್ಮದೂ ಅದೇ ಊರು. ನಾಲೆ ನೀರು ಬಂದ ಮೇಲೆ ಮಾವನ ಹೊಲ ಗದ್ದೆಯಾಯಿತು, ಗದ್ದೆಯಲ್ಲಿ ಕಬ್ಬು ಎದ್ದಿತು, ಮಾವ ಗೌಡರಾದರು. ಅಂದರೆ, ಮೊದಲೂ ಗೌಡರೇ. ಈಗ ಬಂದಾಗ ಜನ ಎದ್ದು ನಿಲ್ಲುವ ಗೌಡರಾದರು. ನಾಲೆಯ ಹಿಂದೆಯೇ ಸೊಳ್ಳೆಯೂ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು. ದಿನ ಬಿಟ್ಟು ದಿನ, ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಡುಗಿಸಿ ಹೋಗುವ ಆ ಜ್ವರದಷ್ಟು ಶಿಸ್ತು ನಮ್ಮೂರಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಭಾವನನ್ನು ಹೈಸ್ಕೂಲು ಓದಲು ಮಳವಳ್ಳಿಯ ನೆಂಟರ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿಂದ ಒಂದು ಭಾನುವಾರ ಶಿವನಸಮುದ್ರಕ್ಕೆ ಹೋಗಿದ್ದ. ಶಿವನಸಮುದ್ರಕ್ಕೆ ಹೋದವರು ಏನು ನೋಡಬೇಕು? ಕಾವೇರಿ ಬೀಳುವುದನ್ನು ನೋಡಬೇಕು. ಇಲ್ಲವೇ ಕರೆಂಟು ಹುಟ್ಟುವ ಯಂತ್ರವನ್ನು ನೋಡಬೇಕು. ಭಾವ ಎರಡನ್ನೂ ನೋಡಲಿಲ್ಲ. ಪವರ್‌ಹೌಸಿನವರು ಆಟಕ್ಕೆಂದು ಮಾಡಿಕೊಂಡಿದ್ದ ಅಂಗಳದ ಬೇಲಿಗೆ ಆತುಕೊಂಡು ಸಂಜೆಯವರೆಗೂ ನಿಂತು, ಕೊನೆಯ ಬಸ್ಸು ತಪ್ಪಿಸಿಕೊಂಡು, ಮಳವಳ್ಳಿಗೆ ನಡೆದು ಬಂದ.

"ಏನ್ಲಾ ನೋಡ್ದೆ ಅಷ್ಟೊತ್ತು?" ಎಂದು ನೆಂಟರು ಕೇಳಿದರಂತೆ.

"ಇಬ್ರು ಬಿಳೀ ಬಟ್ಟೆ ಆಕ್ಕೊಂಡು ಒಂದು ಚೆಂಡನ್ನ ನಿಂಗೇ ಇರ್ಲಿ ನಿಂಗೇ ಇರ್ಲಿ ಅಂತ ಒಬ್ರಿಗೊಬ್ರು ತಳ್ತಾ ಇದ್ರು. ಕೊನೆಗೂ ಯಾರಿಗೂ ಬ್ಯಾಡವಾಯ್ತು."

ಟೆನಿಸ್ಸಿನ ಬಗ್ಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಈವರೆಗೂ ಕೇಳಿಲ್ಲ.

ಆ ವರ್ಷ ಭಾವ ಎಸ್‌ಎಸ್‌ಎಲ್‌ಸಿಯಲ್ಲಿ ನಪಾಸಾದ. ಹೊಳಲಿಗೆ ಮರಳಿದಾಗ ಅವನ ಟ್ರಂಕಿನಲ್ಲಿ ಪುಸ್ತಕಗಳಿರಲಿಲ್ಲ, ಒಂದು ರಾಕೆಟ್ಟಿತ್ತು. ಪವರ್‌ಹೌಸಿನ ಯಾರೋ ಗುಮಾಸ್ತರು ಬಿಸಾಡಲು ಇಟ್ಟಿದ್ದನ್ನು, ಎರಡು ಸವೆದ ಚೆಂಡಿನ ಸಮೇತ, ಕೇಳಿ ತಂದದ್ದು. ಅದಕ್ಕೆ ಚೌಕಟ್ಟಿತ್ತು, ಹಿಡಿಯಿತ್ತು, ನಡುವೆ ಮಾತ್ರ ಏನೂ ಇರಲಿಲ್ಲ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಲ್ಲಿ ಏನ್ ಸೋಸ್ತಾರಪ್ಪ?" ಎಂದರು.

ತಂತಿ ಕಟ್ಟಿಸಬೇಕಲ್ಲ! ಬೆಂಗಳೂರಿಗೆ ಹೋಗಬೇಕು ಎಂದರು ತಿಳಿದವರು. ಭಾವ ನನ್ನನ್ನು ಕರೆದುಕೊಂಡು ಮದ್ದೂರಿಗೆ ಹೋದ. ಅಲ್ಲಿ ಹಾಸಿಗೆಯ ಹತ್ತಿ ಬಡಿಯುವ ಒಬ್ಬರು ಸಾಬರಿದ್ದರು. ಹತ್ತಿ ಬಡಿಯುವ ಬಿಲ್ಲಿಗೆ ಕಟ್ಟುವುದು ಕುರಿಗರುಳಿನ ಹುರಿ. ರಾಕೆಟ್ಟಿಗೂ ಕಟ್ಟುವುದು ಅದೇ ಎಂದು ಭಾವ ಹೇಗೋ ಪತ್ತೆ ಮಾಡಿದ್ದ.

ಸಾಬರು ರಾಕೆಟ್ಟನ್ನು ಕೈಯಲ್ಲಿ ತೂಗಿ ನೋಡಿ ಕೇಳಿದರು. "ಏನ್ ಗೌಡ್ರೆ, ಇದು ಹತ್ತಿ ಬಡಿಯಕ್ಕಾ?"

"ಅಲ್ಲ ಸಾಬ್ರೆ, ಚೆಂಡು ಬಡಿಯಾಕೆ."

"ಚೆಂಡು ಏನು ತಪ್ಪು ಮಾಡೈತೆ?"

ಹಾಗೆ ಕೇಳಿದರೂ ಕಟ್ಟಿಕೊಟ್ಟರು. ಬಿಲ್ಲಿನ ಹುರಿ ದಪ್ಪ, ಬಿಗಿಯೂ ಬಿಲ್ಲಿನದೇ. ಬೆರಳಲ್ಲಿ ಮೀಟಿದರೆ 'ಟೊಂಯ್' ಎಂದು ಅರ್ಧ ಬೀದಿಗೆ ಕೇಳಿಸುವ ಸದ್ದು. ಮಾರನೆಯ ದಿನ ಹೊಳಲಿನಲ್ಲಿ ಭಾವ ಮೊದಲ ಬಾರಿ ಚೆಂಡು ಹೊಡೆದ. ಟೊಂಯ್. ಮತ್ತೆ ಹೊಡೆದ. ಟೊಂಯ್. ಸ್ವಲ್ಪ ಹೊತ್ತಿಗೆ ನೋಡುತ್ತೇವೆ, ಊರಿನ ಹೆಂಗಸರು ಒಬ್ಬೊಬ್ಬರಾಗಿ ಹರಿದ ಹಾಸಿಗೆ, ಗಂಟುಗಟ್ಟಿದ ದಿಂಬು ತಲೆಯ ಮೇಲೆ ಹೊತ್ತುಕೊಂಡು ನಮ್ಮ ಕಡೆಗೇ ಬರುತ್ತಿದ್ದಾರೆ! ಹತ್ತಿ ಬಡಿಯುವ ಸಾಬರು ಊರಿಗೆ ಬಂದಿದ್ದಾರೆ ಎಂದುಕೊಂಡು ಬಂದವರು. ಬರಿಗೈಯಲ್ಲಿ ಹಿಂದಿರುಗುವಾಗ ಅವರು ಭಾವನಿಗೆ ಹಾಕಿದ ಶಾಪಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನ ಮುಂದಿನ ಬದುಕನ್ನು ನೋಡಿದರೆ, ಅವುಗಳಲ್ಲಿ ಕೆಲವು ತಟ್ಟಿದುವೇನೋ ಎನ್ನಿಸುತ್ತದೆ. ಶಾಪವನ್ನು ನಾನು ನಂಬುವುದಿಲ್ಲ. ಎನ್ನಿಸುತ್ತದೆ ಎಂದೆ, ಅಷ್ಟೆ.

ಇನ್ನು ಆಡುವ ಜಾಗ. ಹೊಳಲಿನಲ್ಲಿ ಮಟ್ಟಸವಾದ, ಗಟ್ಟಿಯಾದ, ಕಲ್ಲಿಲ್ಲದ ನೆಲ ಒಂದೇ: ಮಾವನ ಕಣ. ರಾಗಿ, ಭತ್ತ ಒಕ್ಕುವ ಕಣ. ಪ್ರತಿ ವರ್ಷ ಕೆತ್ತಿ, ನೀರು ಹಾಕಿ, ರೋಣುಗಲ್ಲು ಉರುಳಿಸಿ, ಸಗಣಿ ಸಾರಿಸಿ ಕನ್ನಡಿ ಮಾಡಿಟ್ಟಿರುತ್ತಿದ್ದರು. ಒಂದೇ ತೊಡಕು. ಕಣದ ನಟ್ಟನಡುವೆ ಮೇಟಿ. ಎತ್ತುಗಳನ್ನು ಕಟ್ಟಿ ಸುತ್ತ ತಿರುಗಿಸುವ ಆಳೆತ್ತರದ ಕಂಬ. ಬೇರೆಯವರು ಸುಗ್ಗಿ ಮುಗಿದ ಮೇಲೆ ಅದನ್ನು ಕಿತ್ತಿಡುತ್ತಿದ್ದರೋ ಏನೋ, ನಮ್ಮ ಮಾವನದು ಅವರಪ್ಪ ನೆಟ್ಟ ಮೇಟಿ. ಪ್ರತಿ ಸುಗ್ಗಿಗೆ ಪೂಜೆಯಾಗುವ ಮೇಟಿ.

"ಅಪ್ಪೋ, ಮೇಟಿ ಒಂದು ಕಿತ್ತಿಡಾನ. ಸುಗ್ಗಿಗೆ ಮತ್ತೆ ನೆಟ್ರಾಯ್ತು."

"ನನ್ನ ಕಿತ್ತಾಕು ಮೊದ್ಲು. ಆಮ್ಯಾಕೆ ಅದುನ್ನ ಕೀಳೀಯಂತೆ."

ಮಾತು ಮುಗಿಯಿತು. ಭಾವ ಮೇಟಿಯನ್ನೇ ನಡುಗಂಬ ಮಾಡಿಕೊಂಡು ಅದರ ಎರಡು ಪಕ್ಕಕ್ಕೂ ಮೀನು ಹಿಡಿಯುವ ಹಳೆಯ ಬಲೆ ಕಟ್ಟಿದ. ಸುಣ್ಣದಲ್ಲಿ ಗೆರೆ ಎಳೆದ. ಕಣ ದುಂಡಗಿದ್ದುದರಿಂದ ಮೂಲೆಗಳು ಹೊರಗೆ ಬದುವಿನ ಮೇಲೆ ಬೀಳುತ್ತಿದ್ದವು. ಕಣದೊಳಕ್ಕೆ ಚಪ್ಪಲಿ ತರುವಂತಿಲ್ಲ, ಆದ್ದರಿಂದ ಬರಿಗಾಲಿನ ಆಟ. ಮೇಟಿಗೆ ಚೆಂಡು ತಗುಲಿದರೆ, ದೇವರಿಗೆ ತಗುಲಿದಂತೆ. ಆಟ ನಿಲ್ಲಿಸಿ, ಮೇಟಿ ಮುಟ್ಟಿ ಕಣ್ಣಿಗೊತ್ತಿಕೊಂಡು, ತಪ್ಪಾಯ್ತು ಎಂದು ಹೇಳಿ ಮುಂದುವರಿಸಬೇಕು. ಎಂಥ ಭಕ್ತನೂ ಈ ನಿಯಮದಿಂದ ಸುಸ್ತಾಗಿಹೋಗುತ್ತಾನೆ. ಭಾವ ಮೇಟಿಯನ್ನು ತಪ್ಪಿಸಿ ಹೊಡೆಯುವುದನ್ನು ಕಲಿತ. ಎಡಗಡೆ ನಿಂತರೆ ಎಡಗಡೆಯಿಂದಲೇ ನೇರ, ಬಲಗಡೆ ನಿಂತರೆ ಬಲಗಡೆಯಿಂದಲೇ ನೇರ. ಈ ಮೂಲೆಯಿಂದ ಆ ಮೂಲೆಗೆ ಅಡ್ಡ ಹೊಡೆದರೆ ಚೆಂಡು ನಡುವೆ ಹಾಯಬೇಕಲ್ಲ? ಆ ದಾರಿಯೇ ಬೇಡ. ನೇರ ಹೊಡೆತದಲ್ಲಿ ಮಾತ್ರ ಅವನ ಚೆಂಡು ಸುಣ್ಣದ ಗೆರೆಯ ಮೇಲೆ ಎತ್ತಿನ ಹಗ್ಗ ಹಿಡಿದು ಎಳೆದಂತೆ ಹೋಗುತ್ತಿತ್ತು.

ಎದುರಾಳಿ ನಾನು, ನನ್ನ ಕೈಗೆ ಹಲಗೆ ಕೊಯ್ದು ಮಾಡಿದ ರಾಕೆಟ್ಟು. ಆದರೆ ದಿನವೂ ಅಲ್ಲ. ರಜೆಯಲ್ಲಿ ಬಂದಾಗಲೆಲ್ಲ ನನಗೂ ಜ್ವರ ಹಿಡಿಯುತ್ತಿತ್ತು. ನನಗೆ ಬರುವ ದಿನ ಅವನಿಗಿಲ್ಲ, ಅವನಿಗೆ ಬರುವ ದಿನ ನನಗಿಲ್ಲ! ಒಬ್ಬ ರಾಕೆಟ್ಟು ಹಿಡಿದು ಕಣದಲ್ಲಿ ನಿಂತರೆ ಇನ್ನೊಬ್ಬ ಮೂರು ಕಂಬಳಿ ಹೊದ್ದು ಜಗಲಿಯಲ್ಲಿ ಹಲ್ಲು ಕಟಕಟಿಸುತ್ತ "ಭಾವ, ನಾಳೆ" ಎನ್ನುವುದು. ನಾಳೆ ಅವನು "ನಾಳೆ ಕಣ್ಲಾ" ಎನ್ನುವುದು. ಒಂದು ಇಡೀ ಬೇಸಿಗೆ ರಜೆಯಲ್ಲಿ ನಾವು ಒಂದು ಆಟವನ್ನೂ ಮುಗಿಸಲಿಲ್ಲ ಎಂದು ನನ್ನ ನೆನಪು. ಅತ್ತೆ ಮಾತ್ರ, "ದಿನಾ ಆಡ್ತಿದ್ರಿ, ಕಣ ಎಲ್ಲ ಕೆರೆದಾಕಿದ್ರಿ" ಎನ್ನುತ್ತಿದ್ದರು. ಕಣ ಸಾರಿಸುತ್ತಿದ್ದವರು ಅವರು. ಅವರ ಮಾತೇ ಇರಲಿ.

ಯುದ್ಧ ಶುರುವಾದ ಮೇಲೆ ಮಂಡ್ಯದ ಆಫೀಸರುಗಳ ಕ್ಲಬ್ಬಿನಲ್ಲಿ ಜನ ಕಡಿಮೆಯಾದರು. ನಾಲ್ಕು ಜನರ ಆಟಕ್ಕೆ ಮೂವರೇ ಸಿಗುತ್ತಿದ್ದರು. ತಾಲ್ಲೂಕಿನ ಅಮಲ್ದಾರರಿಗೆ ಯಾರೋ ಹೇಳಿದರು: ಹೊಳಲಿನ ಗೌಡರ ಮಗ ಕಣದಲ್ಲಿ ಟೆನಿಸ್ ಆಡುತ್ತಾನೆ. ಕರೆಸಿ, ನಗಲಿಕ್ಕಾದರೂ ಆಗುತ್ತದೆ ಎಂದರು ಅಮಲ್ದಾರರು. ಭಾವ ಪಂಚೆಯನ್ನು ಕಚ್ಚೆ ಹಾಕಿ, ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಹೋದ. ಬಿಳೀ ಷರಾಯಿ ಹಾಕಿದ್ದವರು ನಕ್ಕರು. ಟೊಂಯ್ ಎಂದಿತು ರಾಕೆಟ್ಟು. ಇನ್ನಷ್ಟು ನಕ್ಕರು. ಆಮೇಲೆ ನಗಲಿಕ್ಕೆ ಉಸಿರು ಉಳಿಯಲಿಲ್ಲ. ಅಮಲ್ದಾರರು ಎಡಕ್ಕೆ ಓಡಿದರು, ಬಲಕ್ಕೆ ಓಡಿದರು, ಎಡಕ್ಕೆ ಬಂದು ನಿಂತು ಸೊಂಟ ಹಿಡಿದುಕೊಂಡರು.

ಅಂದು ಮಾವ ಕಬ್ಬಿನ ಗಾಡಿಯ ಜೊತೆ ಮಂಡ್ಯಕ್ಕೆ ಬಂದಿದ್ದರು. ಮಗ ಆಫೀಸರುಗಳ ನಡುವೆ ಇದ್ದಾನೆ ಎಂದು ಕೇಳಿ ಹಿಗ್ಗಿಕೊಂಡು ನೋಡಲು ಬಂದರು. ನೋಡಿದರು. ಹಿಗ್ಗು ಇಳಿಯಿತು. ಬೇಲಿಯ ಆಚೆಯಿಂದಲೇ ಕೂಗಿದರು.

"ಲೇ! ಅಮಲ್ದಾರ್ ಬುದ್ಧೀನ ಅಂಗೆ ಓಡುಸ್ತೀಯೇನ್ಲಾ? ನಾಳೆ ಬೆಳೆ ನೋಡಾಕೆ ಬರೋರು ಅವ್ರೇ ಕಣ್ಲಾ! ಕೈಗೆ ಕೊಡ್ಲಾ ಚೆಂಡ, ಕೈಗೆ ಕೊಡು!"

ಆಗ ಸರ್ಕಾರ ಬೆಳೆ ಅಂದಾಜು ಮಾಡಿ ರೈತರಿಂದ ಕಡ್ಡಾಯವಾಗಿ ಧಾನ್ಯ ಎತ್ತುವ ಲೆವಿ ವಸೂಲಿ ನಡೆಯುತ್ತಿದ್ದ ಕಾಲ. ಮಾವನಿಗೆ ಮಗ ಹೊಡೆದ ಪ್ರತಿಯೊಂದು ಚೆಂಡೂ ಮನೆಯ ಕಣಜದಿಂದ ಒಂದು ಪಲ್ಲ ಭತ್ತ ಎತ್ತಿಕೊಂಡು ಹೋಗುವಂತೆ ಕಂಡಿರಬೇಕು. ಅಮಲ್ದಾರರು ದೊಡ್ಡ ಮನುಷ್ಯರು. ಬೆವರು ಒರೆಸಿಕೊಳ್ಳುತ್ತ ಬೇಲಿಯ ಹತ್ತಿರ ಬಂದು, "ಗೌಡ್ರೆ, ನಿಮ್ಮ ಮಗ ಇಲ್ಲಿರಬೇಕಾದೋನಲ್ಲ. ಮೈಸೂರಿನ ಪಂದ್ಯಕ್ಕೆ ಕಳಿಸಿ" ಎಂದರು. ಮಾವ ಅದನ್ನು ಶಿಕ್ಷೆ ಎಂದೇ ತಿಳಿದು, "ತಪ್ಪಾಯ್ತು ಬುದ್ಧಿ, ಇನ್ನೊಂದ್ ದಪ ಇಂಗ್ ಮಾಡಾಕಿಲ್ಲ" ಎಂದು ಕೈ ಮುಗಿದರು.

ಆ ಒಂದು ಮಾತು ಭಾವನ ತಲೆಗೆ ಹೊಕ್ಕಿತು. ಮೈಸೂರಿನ ಪಂದ್ಯದಲ್ಲಿ ಗೆದ್ದರೆ ಬೆಂಗಳೂರು, ಬೆಂಗಳೂರಿನಲ್ಲಿ ಗೆದ್ದರೆ ಮದರಾಸು. ಅದರಾಚೆಗೆ ಏನಿದೆಯೋ ನಮ್ಮಿಬ್ಬರಿಗೂ ತಿಳಿಯದು. ಆದರೆ ಏನೋ ಇತ್ತು. ಅವನು ಹೊಲದಲ್ಲಿ ನಿಂತಾಗಲೂ ಅದನ್ನೇ ನೋಡುತ್ತಿದ್ದ.

ನಾನು ಮೈಸೂರಿನಲ್ಲಿ ಓದುತ್ತಿದ್ದುದರಿಂದ ಹೆಸರು ಕೊಟ್ಟು ಬಂದವನು ನಾನೇ. ಹಾಸ್ಟೆಲಿನ ಗೆಳೆಯನ ಬಿಳೀ ಷರಾಯಿ ತಂದು ಕೊಟ್ಟೆ. ಅದು ಭಾವನ ಕಾಲಿನ ಹರಡಿನಿಂದ ಒಂದು ಗೇಣು ಮೇಲೆಯೇ ನಿಂತಿತು. ಮೊದಲ ಪಂದ್ಯ ಗೆದ್ದ. ಎರಡನೆಯದು ಬೆಂಗಳೂರಿನ ವಕೀಲರೊಬ್ಬರ ಮಗನ ಮೇಲೆ. ಮಳೆ ಹನಿಯುತ್ತಿತ್ತು ಎಂದು ನನ್ನ ನೆನಪು. ಆದರೆ ಮಳೆಯಲ್ಲಿ ಟೆನಿಸ್ ಆಡಿಸುವುದಿಲ್ಲ ಎಂದು ಆಮೇಲೆ ತಿಳಿಯಿತು. ಹಾಗಾದರೆ ನನ್ನ ಕನ್ನಡಕದ ಮೇಲಿದ್ದ ನೀರು ಯಾವುದು?

ಮೊದಲ ಸೆಟ್ಟು ಭಾವನದಾಯಿತು. ಎರಡನೆಯದರ ಹೊತ್ತಿಗೆ ಆ ಹುಡುಗನಿಗೆ ಗುಟ್ಟು ತಿಳಿಯಿತು. ಈ ಹಳ್ಳಿಯವನು ಅಡ್ಡ ಹೊಡೆಯುವುದೇ ಇಲ್ಲ! ಎಲ್ಲಿ ನಿಂತಿದ್ದಾನೋ ಅದರ ನೇರಕ್ಕೇ ಬರುತ್ತದೆ ಚೆಂಡು. ಅವನು ಓಡುವುದನ್ನು ನಿಲ್ಲಿಸಿಬಿಟ್ಟ. ಭಾವನ ಎದುರಿಗೆ, ಕನ್ನಡಿಯಲ್ಲಿ ಕಂಡಂತೆ, ಮೊದಲೇ ಹೋಗಿ ನಿಲ್ಲತೊಡಗಿದ. ಇಡೀ ಅಂಗಳದ ಇನ್ನೊಂದು ಅರ್ಧ ಖಾಲಿ. ಬಲೆ ಎಲ್ಲಕ್ಕಿಂತ ತಗ್ಗಾಗಿರುವುದೂ ನಟ್ಟನಡುವೆಯೇ. ಅಲ್ಲಿ ಹಾಯಿಸಿ ಒಂದು ಅಡ್ಡ ಹೊಡೆತ ಹೊಡೆದರೆ ಸಾಕು, ಕಣ್ಣು ಮುಚ್ಚಿ ಹೊಡೆದರೂ ಸಾಕು.

ನಡುವೆ ನೀರು ಕುಡಿಯಲು ಬಂದಾಗ ಹೇಳಿದೆ. "ಭಾವ, ಅಲ್ಲಿ ಮೇಟಿ ಇಲ್ಲ ಕಣ್ ಭಾವ! ಅಡ್ಡಕ್ಕೆ ಒಡಿ!"

"ಗೊತ್ತು ಕಣ್ಲಾ" ಎಂದ ಭಾವ. ಲೋಟ ಕೆಳಗಿಟ್ಟ. "ಕಣ್ಣಿಗೆ ಗೊತ್ತು, ಮಂಡೆಗೂ ಗೊತ್ತು. ಕೈ ಓಗಾಕಿಲ್ಲ. ಏನ್ ಮಾಡ್ಲಿ?"

ಸೋತ. ಕೊನೆಯ ಚೆಂಡನ್ನೂ ನೇರಕ್ಕೇ ಹೊಡೆದ. ಆ ಹುಡುಗ ಅಲ್ಲಿಯೇ ನಿಂತಿದ್ದ.

ಅದೇ ಸಂಜೆ ಮೈಸೂರಿನ ಒಂದು ಕ್ಲಬ್ಬಿನ ಸೆಕ್ರೆಟರಿ ಭಾವನನ್ನು ಹುಡುಕಿಕೊಂಡು ಬಂದರು. "ನಿನ್ನ ಹಾಗೆ ಎದುರಿಗೆ ನಿಂತವರ ರಾಕೆಟ್ಟಿಗೇ ಚೆಂಡು ಕೊಡೋನನ್ನ ನಾನು ನೋಡಿಲ್ಲಯ್ಯ. ನಮ್ಮ ಕ್ಲಬ್ಬಿಗೆ ಮಾರ್ಕರ್ ಆಗಿ ಬಾ. ಸಂಬಳ ಕೊಡ್ತೀವಿ." ಮಾರ್ಕರ್ ಎಂದರೆ, ಕ್ಲಬ್ಬಿನ ಸದಸ್ಯರಿಗೆ ಜೊತೆಗಾರರು ಸಿಗದಾಗ ಅವರೊಂದಿಗೆ ಆಡಲು ಸಂಬಳಕ್ಕಿಟ್ಟ ಆಳು. ಹಿಂದಿನ ಗೇಟಿನಿಂದ ಬರಬೇಕು, ವೆರಾಂಡದ ಕುರ್ಚಿಯಲ್ಲಿ ಕೂರುವಂತಿಲ್ಲ. ಅದೆಲ್ಲ ಹೋಗಲಿ. ಆಡುವುದಕ್ಕೆ ಒಮ್ಮೆ ಸಂಬಳ ಮುಟ್ಟಿದವನು ಮತ್ತೆಂದೂ ಪಂದ್ಯಕ್ಕೆ ಹೆಸರು ಕೊಡುವಂತಿಲ್ಲ. ಅದು ಆಗಿನ ನಿಯಮ. ಪಂದ್ಯ ದೊಡ್ಡವರದು, ಸಂಬಳ ಆಳಿನದು. ಎರಡೂ ಒಬ್ಬನಿಗಿಲ್ಲ. ಹೂಂ ಎಂದರೆ ಬೆಂಗಳೂರೂ ಇಲ್ಲ, ಮದರಾಸೂ ಇಲ್ಲ.

"ಬೇಡ ಭಾವ" ಎಂದೆ. "ಮುಂದಿನ ವರ್ಷ ಮತ್ತೆ ಬಾ. ಅಷ್ಟರಲ್ಲಿ ಕೈ ತಿದ್ದಿಕೊ."

"ಎಲ್ಲಿ ತಿದ್ಕಳ್ಳಿ? ಕಣದಲ್ಲಾ?"

ಅದೂ ಸರಿಯೇ. ಮಂಡ್ಯದ ಕ್ಲಬ್ಬಿನ ಆಟ ನಿಂತುಹೋಗಿತ್ತು. ಯುದ್ಧದಿಂದಾಗಿ ನಮ್ಮ ಕಡೆ ಚೆಂಡೇ ಸಿಗುತ್ತಿರಲಿಲ್ಲ. ಇದ್ದವೆಲ್ಲ ಕೂದಲುದುರಿ ಬೋಳಾಗಿದ್ದವು.

"ಆಟಗಾರ ಅನ್ನಿಸ್ಕೊಂಡು ವರ್ಸಕ್ಕೆ ಒಂದಿನ ಆಡೋದಕ್ಕಿಂತ ಆಳು ಅನ್ನಿಸ್ಕೊಂಡು ದಿನಾ ಆಡೋದು ವಾಸಿ ಬುಡ್ಲಾ" ಎಂದ ಭಾವ. ನಗುತ್ತಲೇ ಎಂದ. ನಕ್ಕನೋ ಇಲ್ಲವೋ, ಈಗ ನಿಜವಾಗಿಯೂ ಹೇಳಲಾರೆ.

ಹೀಗೆ ನಮ್ಮ ಭಾವ ವೃತ್ತಿಪರ ಆಟಗಾರನಾದ! ಮಂಡ್ಯ ಸೀಮೆಯಲ್ಲಿ ಆಟವನ್ನೇ ಕಸುಬು ಮಾಡಿಕೊಂಡವನು ಅವನೊಬ್ಬನೇ ಇರಬೇಕು. ಕಸುಬು ಏನೆಂದರೆ ಸೋಲುವುದು. ಸದಸ್ಯರು ಕಚೇರಿಯಲ್ಲಿ ದಿನವೆಲ್ಲ ಮೇಲಿನವರಿಂದ ಬೈಸಿಕೊಂಡು ಸಂಜೆ ಕ್ಲಬ್ಬಿಗೆ ಬರುತ್ತಿದ್ದರು. ಅವರಿಗೆ ಒಂದು ಗೆಲುವು ಕೊಟ್ಟು ಮನೆಗೆ ಕಳಿಸುವುದು ಮಾರ್ಕರನ ಧರ್ಮ. ನಾನು ಆಗಾಗ ಹೋಗಿ ಬೇಲಿಯಾಚೆ ನಿಂತು ನೋಡುತ್ತಿದ್ದೆ.

"ಗೆಲ್ಲೋದು ಸುಲಭ ಕಣ್ಲಾ" ಎನ್ನುತ್ತಿದ್ದ. "ಎದುರಿಗಿರೋನಿಗಿಂತ ಚೆನ್ನಾಗಾಡಿದ್ರೆ ಸಾಕು. ಸೋಲೋದು ಕಷ್ಟ. ಅವ್ನಿಗಿಂತ ಕೆಟ್ಟದಾಗಿ ಆಡ್ಬೇಕು, ಅದೂ ಅವ್ನಿಗೆ ತಿಳೀದಂಗೆ. ಕೆಲವ್ರಿದ್ದಾರೆ, ಅವ್ರಿಗಿಂತ ಕೆಟ್ಟದಾಗಿ ಆಡಾಕೆ ಆ ಭಗವಂತನಿಗೂ ಆಗಾಕಿಲ್ಲ."

ಊರಿನಲ್ಲಿ ಮಾವ, ಮಗ ಮೈಸೂರಿನಲ್ಲಿ ಆಫೀಸರುಗಳ ಜೊತೆ ಇದ್ದಾನೆ ಎಂದಷ್ಟೇ ಹೇಳಿಕೊಂಡಿದ್ದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವರಿಗೆ ತಿಳಿದಿದ್ದುದೂ ಅಷ್ಟೆ. ಮದ್ದೂರಿನ ಕಡೆಯಿಂದ ಒಂದು ಸಂಬಂಧ ಬಂತು. ಹೆಣ್ಣು ನೋಡಲು ಗಾಡಿ ಕಟ್ಟಿಕೊಂಡು ಹೋದೆವು. ಮಾವ, ಅತ್ತೆ, ಭಾವ, ನಾನು. ಉಪ್ಪಿಟ್ಟು ಬಂತು, ಹೆಣ್ಣು ಬಂದು ಹೋಯಿತು, ಎಲ್ಲ ಸರಿಯಾಗಿತ್ತು. ಹೆಣ್ಣಿನ ತಂದೆ ಸಂತೋಷದಿಂದ ಎಲೆ ಅಡಿಕೆ ಮುಂದಿಡುತ್ತ ಕೇಳಿದರು.

"ಉಡ್ಗಂಗೆ ಮೈಸೂರಲ್ಲಿ ಏನ್ ಕೆಲ್ಸ ಅಂದ್ರಿ?"

"ದೊಡ್ಡ ದೊಡ್ಡ ಆಫೀಸರ್ ಜೊತೇಲಿ" ಎಂದರು ಮಾವ.

"ಅದು ಸರಿ. ಜೊತೇಲಿ ಏನ್ ಮಾಡಾದು?"

ನಾನು ಭಾವನ ತೊಡೆ ಚಿವುಟಿದೆ. ಪ್ರಯೋಜನವಾಗಲಿಲ್ಲ.

"ಸೋಲಾದು" ಎಂದ ಭಾವ.

"ಆಂ?"

"ದಿನಾ ಸಾಯಂಕಾಲ ಅವ್ರತ್ರ ಟೆನಿಸ್ ಆಡಿ ಸೋಲ್ಬೇಕು. ಅದುಕ್ಕೇ ಸಂಬಳ."

ಆ ಹಿರಿಯರು ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರುವುದನ್ನೇ ನಿಲ್ಲಿಸಿದರು. "ಅಪ್ಪಿತಪ್ಪಿ ಗೆದ್ಬುಟ್ರೆ?"

"ಗೆದ್ರೆ ಕೆಲ್ಸ ಓಯ್ತದೆ."

"ನಮ್ಮ ಮಗೀಗೆ ಇನ್ನೂ ವಯಸ್ಸಾಗಿಲ್ಲ ಕಣಪ್ಪ" ಎಂದು ಅವರು ಎಲೆ ಅಡಿಕೆ ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

ಗಾಡಿ ಊರಿನ ಕಡೆಗೆ ತಿರುಗಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಊರ ಮುಂದಿನ ನಾಲೆ ದಾಟಿದ ಮೇಲೆ ಮಾವ, ಎತ್ತುಗಳ ಬಾಲಕ್ಕೆ ಹೇಳುವಂತೆ, ತಿರುಗಿ ನೋಡದೆ ಹೇಳಿದರು.

"ಸೋಲಾದ್ರೆ ಬಿಟ್ಟಿ ಸೋಲ್ಲಿ. ಯಾವ ರೈತ ಸೋತಿಲ್ಲ? ಸಂಬಳ ಈಸ್ಕೊಂಡು ಸೋಲೋನು ನನ್ನ ಮಗ ಅಲ್ಲ."

ಭಾವ ಗಾಡಿಯಿಂದ ಇಳಿದು ಮಂಡ್ಯದ ರೈಲ್ವೆ ಸ್ಟೇಷನ್ನಿನ ಕಡೆಗೆ ನಡೆದ. ಮಾವ ಗಾಡಿ ನಿಲ್ಲಿಸಲಿಲ್ಲ. ಅಲ್ಲಿಂದ ಮುಂದೆ ಅಪ್ಪ ಮಗನಿಗೆ ಮಾತಿಲ್ಲ. ಹಬ್ಬಕ್ಕೆ ಭಾವ ಬರುತ್ತಿರಲಿಲ್ಲ. ಅತ್ತೆ ನನ್ನ ಕೈಯಲ್ಲಿ ಕಜ್ಜಾಯ ಕಳಿಸುತ್ತಿದ್ದರು. ಮಾವ, "ಅಳಿಯ, ನಿನ್ನ ಚೀಲ ಯಾಕ್ಲಾ ಅಷ್ಟು ಭಾರ?" ಎಂದು ಕೇಳುತ್ತಿದ್ದರು. ಕೇಳಿ, ಉತ್ತರಕ್ಕೆ ಕಾಯದೆ ಹೊಲದ ಕಡೆಗೆ ಹೋಗಿಬಿಡುತ್ತಿದ್ದರು.

ಯುದ್ಧ ಮುಗಿಯಿತು. ಜ್ವರ ಮುಗಿಯಲಿಲ್ಲ. ವರ್ಷ ವರ್ಷ ಅದು ಭಾವನ ಮೈಯಲ್ಲಿ ಮನೆ ಕಟ್ಟಿಕೊಂಡಿತ್ತು. ನಲವತ್ತೇಳರ ಮಳೆಗಾಲದ ಮೊದಲಲ್ಲಿ ಅವನನ್ನು ನಾನೇ ರೈಲಿನಲ್ಲಿ ಹೊಳಲಿಗೆ ಕರೆತಂದೆ. ಊರಲ್ಲೆಲ್ಲ ಸ್ವಾತಂತ್ರ್ಯದ ಮಾತು. ಮನೆಯಲ್ಲಿ ಅವನ ಹೊಟ್ಟೆಯ ಎಡಗಡೆ ಗಟ್ಟಿಯಾಗಿ ಊದಿಕೊಂಡಿದ್ದ ಗಡ್ಡೆಯ ಮಾತು. ಮಾವ ಎದ್ದು ಬಂದರು. ಪಡಸಾಲೆಯಲ್ಲಿ ಹಾಸಿಗೆ ಹಾಸಿ, ಪಕ್ಕದಲ್ಲಿ ಕೂತರು. ಕೂತವರು ಎದ್ದದ್ದು ಕಡಿಮೆ. ಮಾತು ಮಾತ್ರ ಆಡಲಿಲ್ಲ.

ಒಂದು ಮಧ್ಯಾಹ್ನ ಭಾವ ಕಣ್ಣು ಬಿಟ್ಟು ನನ್ನನ್ನು ನೋಡಿ ಹೇಳಿದ. "ಅಪ್ಪ ಬಂದಿದ್ದ ಕಣ್ಲಾ."

"ಎಲ್ಲಿಗೆ ಭಾವ?"

"ಮೈಸೂರ್ಗೆ. ಕ್ಲಬ್ಬಿಗೆ. ಬೇಲಿ ಆಚೆ ನಿಂತಿದ್ದ. ನಾನು ಡಾಕ್ಟ್ರ ಜೊತೆ ಆಡ್ತಿದ್ದೆ. ಅಪ್ಪನ್ನ ನೋಡ್ದೆ." ಉಸಿರು ಎಳೆದುಕೊಂಡ. "ಅವತ್ತು ನಾನು ಸೋಲ್ಲಿಲ್ಲ ಕಣ್ಲಾ. ಒಂದಾಟಾನೂ ಬುಡ್ಲಿಲ್ಲ ಡಾಕ್ಟ್ರಿಗೆ. ಆದ್ರೂ ಅವ್ರು ನನ್ನ ಕೆಲ್ಸದಿಂದ ತೆಗೀಲಿಲ್ಲ ನೋಡು. ಅಂಥಾ ಆಟ ಆಡ್ದೆ."

ನಾನು ಮಾವನ ಮುಖ ನೋಡಿದೆ. ಅವರು ಗಂಜಿಯ ಬಟ್ಟಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

"ಜ್ವರದ ಮಾತು" ಎಂದರು. "ನಾನ್ಯಾಕ್ಲಾ ಓಗ್ಲಿ ಮೈಸೂರ್ಗೆ?"

ಅಂದಿಗೆ ನಾಲ್ಕನೆಯ ದಿನವೋ ಐದನೆಯ ದಿನವೋ ಭಾವ ಹೋದ. ಊರಿನವರು ಬಾವುಟ ಕಟ್ಟಲು ಬಿದಿರು ಕಡಿದು ತಂದಿದ್ದರು. ಚಟ್ಟಕ್ಕೆ ಅದರಲ್ಲೇ ಎರಡು ಕೇಳಿ ತಂದೆವು.

ಸಂಸ್ಕಾರವೆಲ್ಲ ಮುಗಿದು ಬಹಳ ಕಾಲವಾದ ಮೇಲೆ ಒಮ್ಮೆ ಮಾವನನ್ನು ಮತ್ತೆ ಕೇಳಿದೆ. "ಮಾವ, ನಿಜ ಹೇಳಿ. ಹೋಗಿದ್ರಾ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಷ್ಟು ಓದಿದೀಯ, ಜ್ವರದ ಮಾತ ನಂಬ್ತೀಯೇನ್ಲಾ?" ಎಂದರು. ಓದಿದವನಿಗೆ ಅದಕ್ಕಿಂತ ಒಳ್ಳೆಯ ಪೆಟ್ಟು ಬೇಕೆ? ನನಗೂ ಸರಿ ಎನ್ನಿಸಿತು. ಜ್ವರ ತಲೆಗೇರಿದವನಿಗೆ ಬೇಕಾದದ್ದೆಲ್ಲ ಕಾಣುತ್ತದೆ. ಭಾವನಿಗೆ ಬೇಕಾಗಿದ್ದದ್ದು ಒಂದೇ. ಅದು ಕಂಡಿತು, ಅಷ್ಟೆ. ಮಾವ ತೀರಿಕೊಳ್ಳುವವರೆಗೂ ಮಾತು ಬದಲಿಸಲಿಲ್ಲ.

ಆಮೇಲೆ ಎಷ್ಟೋ ವರ್ಷಕ್ಕೆ, ಮೈಸೂರಿನ ಒಂದು ಮದುವೆಯಲ್ಲಿ, ನನ್ನ ಪಕ್ಕದ ಎಲೆಗೆ ಒಬ್ಬರು ವಯಸ್ಸಾದ ಡಾಕ್ಟರು ಕೂತರು. ಊರು ಯಾವುದೆಂದು ಕೇಳಿದರು. ಹೊಳಲು ಎಂದೆ.

"ಹೊಳಲಾ? ನಮ್ಮ ಕ್ಲಬ್ಬಿನಲ್ಲಿ ಹೊಳಲಿನವನೊಬ್ಬ ಮಾರ್ಕರ್ ಇದ್ದ. ಬಹಳ ಮರ್ಯಾದಸ್ಥ. ನಾವೆಲ್ಲ ಅವನ ಹತ್ತಿರ ಗೆದ್ದು ಗೆದ್ದು ದೊಡ್ಡ ಆಟಗಾರರು ಅಂದುಕೊಂಡಿದ್ದೆವು. ಒಂದು ದಿನ ಮಾತ್ರ ಏನು ಬಂದಿತ್ತೋ ಅವನ ಮೈಮೇಲೆ, ನನಗೆ ಒಂದೇ ಒಂದು ಗೇಮೂ ಕೊಡಲಿಲ್ಲ ನೋಡಿ! ನಾಲ್ಕು ಜನರ ಎದುರಿಗೆ ನನ್ನನ್ನ ಬುಗುರಿ ಆಡಿಸಿಬಿಟ್ಟ."

ನನ್ನ ಕೈಯಲ್ಲಿದ್ದ ತುತ್ತು ಎಲೆಗೆ ಇಳಿಯಿತು. ಡಾಕ್ಟರು ಹೇಳುತ್ತಲೇ ಇದ್ದರು.

"ನನಗೆ ಸಿಟ್ಟು ಬಂತು. ನೇರ ಸೆಕ್ರೆಟರಿ ಹತ್ತಿರ ಹೋಗಿ ದೂರು ಕೊಡಬೇಕು ಅಂತ ಹೊರಟೆ. ಹಿಂದಿನ ಗೇಟಿನ ಹತ್ತಿರ ಒಬ್ಬರು ವಯಸ್ಸಾದ ಗೌಡರು ಅಡ್ಡ ಬಂದರು. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕೈ ಮುಗಿದು ನಿಂತುಬಿಟ್ಟರು. 'ಬುದ್ಧಿ, ಇವತ್ತೊಂದಿನ ಉಡ್ಗಂಗೆ ಸೋಲಾಕೆ ಮರ್ತೋಯ್ತು. ನಾಳೆಯಿಂದ ಸೋಲ್ತಾನೆ. ಕೆಲ್ಸದಿಂದ ಬುಡುಸ್ಬ್ಯಾಡಿ' ಅಂದರು. ನೀವು ಯಾರು ಅಂದೆ. 'ಅವ್ನ ಅಪ್ಪ' ಅಂದರು. ಆಮೇಲೆ ಯಾವ ದೂರು ಕೊಡೋದು ಹೇಳಿ?"

ನನ್ನ ಹಾಳು ಬುದ್ಧಿ ಅಲ್ಲಿಯೂ ಬಿಡಲಿಲ್ಲ. ಇಷ್ಟು ವರ್ಷದ ಹಿಂದಿನ ಮಾತು, ಮುದುಕರು ಯಾರನ್ನೋ ಯಾರಿಗೋ ಸೇರಿಸಿ ಹೇಳುತ್ತಿರಬಹುದು ಎನ್ನಿಸಿತು. "ಅವರು ನೋಡೋಕೆ ಹೇಗಿದ್ದರು?" ಎಂದು ಕೇಳಿದೆ.

"ಮುಖ ನೆನಪಿಲ್ಲ" ಎಂದರು ಡಾಕ್ಟರು. "ಆದರೆ ನಾನು ಡಾಕ್ಟರು ನೋಡಿ, ಕೈ ನೆನಪಿದೆ. ಮುಗಿದ ಕೈಯಲ್ಲಿ, ಎಡಗಡೆಯದರಲ್ಲಿ, ಕೊನೆಯ ಎರಡು ಬೆರಳು ಇರಲಿಲ್ಲ."

ನಮ್ಮ ಮಾವನ ಎಡಗೈಯ ಕೊನೆಯ ಎರಡು ಬೆರಳು ನಾನು ಚಿಕ್ಕವನಿದ್ದಾಗಲೇ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿದ್ದವು. ಅದನ್ನು ನಾನು ಡಾಕ್ಟರಿಗೆ ಹೇಳಿರಲಿಲ್ಲ.